ಪದೇಪದೇ ಉರಿಮೂತ್ರ: ಈ ಕ್ರ್ಯಾನ್‌ಬೆರಿ ಪ್ರೊಬಯಾಟಿಕ್ ಕ್ಯಾಪ್ಸೂಲ್ ಸಾಕಾ?

ಪದೇಪದೇ ಉರಿಮೂತ್ರ ಆಗುತ್ತಿದೆ, ಅದನ್ನು ತಡೆಯಲು ಈ ಕ್ಯಾಪ್ಸೂಲ್ ಕೊಳ್ಳಬಹುದಾ ಅಂತ ಕೇಳಿದ್ದೀರಿ. ನೀವು ಬರೆದಿರುವ ಲೇಬಲ್ ಪ್ರಕಾರ ದಿನಕ್ಕೊಂದು ಕ್ಯಾಪ್ಸೂಲ್: ಕ್ರ್ಯಾನ್‌ಬೆರಿ ಎಕ್ಸ್‌ಟ್ರಾಕ್ಟ್ 300 ಮಿ.ಗ್ರಾಂ, ಡಿ-ಮ್ಯಾನೋಸ್ (ಒಂದು ಬಗೆಯ ಸಕ್ಕರೆ) 300 ಮಿ.ಗ್ರಾಂ, ‘ಲ್ಯಾಕ್ಟೋಬ್ಯಾಸಿಲಸ್ ಬ್ಲೆಂಡ್’ 2 ಬಿಲಿಯನ್ ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆ). ಇಷ್ಟೇ ಮಾಹಿತಿ ಇದ್ದರೆ ನಾನು ಕೊಳ್ಳುವುದಿಲ್ಲ.

300 ಮಿ.ಗ್ರಾಂ ಅನ್ನುವುದು ಬರೀ ಪುಡಿಯ ತೂಕ. ನೋಡಬೇಕಾದ್ದು ಅದರೊಳಗಿನ ಪಿಎಸಿ, ಅಂದರೆ ಪ್ರೊಆಂಥೋಸಯನಿಡಿನ್. ಮೂತ್ರದ ಸೋಂಕು ತರುವ ಇ. ಕೋಲೈ ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ ಎನ್ನುವುದು ಇದನ್ನೇ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ದಿನಕ್ಕೆ 36 ಮಿ.ಗ್ರಾಂ. ನಿಮ್ಮ ಪುಡಿಯಲ್ಲಿ ಪಿಎಸಿ ಶೇ. 12 ಇದ್ದರೆ ಸರಿಯಾಗಿ 36 ಆಗುತ್ತದೆ, ಶೇ. 5 ಇದ್ದರೆ ಸಿಗುವುದು 15 ಮಾತ್ರ. ಶೇಕಡಾವಾರು ಬರೆದಿದ್ದರೂ ಯಾವ ವಿಧಾನದಲ್ಲಿ ಅಳೆದದ್ದು ಅಂತ ಕೇಳಿ. ಡಿಎಂಎಸಿ ವಿಧಾನ (ಪಿಎಸಿ ಅಳೆಯುವ ಬಣ್ಣದ ಪರೀಕ್ಷೆ) ಅಂದರೆ ನಂಬಬಹುದು. ಯುವಿ (ಅತಿನೇರಳೆ ಬೆಳಕಿನ) ವಿಧಾನದಲ್ಲಿ ಹಣ್ಣಿನ ಬೇರೆ ಫೀನಾಲ್ ರಾಸಾಯನಿಕಗಳೂ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ಅಗ್ಗದ ದ್ರಾಕ್ಷಿಬೀಜದ ಸಾರ ಬೆರೆಸುವವರೂ ಇದ್ದಾರೆ. ಅದರಲ್ಲಿರುವ ಪಿಎಸಿ ಬಿ-ಟೈಪ್, ಬೇಕಾದ್ದು ಕ್ರ್ಯಾನ್‌ಬೆರಿಯ ಎ-ಟೈಪ್. ‘15,000 ಮಿ.ಗ್ರಾಂ ತಾಜಾ ಹಣ್ಣಿಗೆ ಸಮ’ ಅಂತಿದ್ದರೆ ಅದು 300ನ್ನು 50ರಿಂದ ಗುಣಿಸಿದ್ದು ಅಷ್ಟೆ, ಪಿಎಸಿ ಎಷ್ಟೆಂದು ಹೇಳುವುದಿಲ್ಲ.

ಡಿ-ಮ್ಯಾನೋಸ್ 300 ಮಿ.ಗ್ರಾಂ ಹೆಸರಿಗೆ ಮಾತ್ರ. ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 2 ಗ್ರಾಂ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಅಷ್ಟು ಕೊಟ್ಟರೂ ಹುಸಿಮಾತ್ರೆಗಿಂತ ಹೆಚ್ಚಿನ ಫಲ ಕಾಣಲಿಲ್ಲ.

ಪ್ರೊಬಯಾಟಿಕ್ (ಉಪಕಾರಿ ಬ್ಯಾಕ್ಟೀರಿಯಾ) ವಿಷಯದಲ್ಲಿ ಸಂಖ್ಯೆಗಿಂತ ಮುಖ್ಯ ತಳಿಯ ಗುರುತು. ‘ರಾಮ್ನೋಸಸ್’ ಅಂತ ಬ್ಯಾಕ್ಟೀರಿಯಾದ ಹೆಸರಷ್ಟೇ ಇದ್ದರೆ ಸಾಲದು, ‘ರಾಮ್ನೋಸಸ್ ಜಿಆರ್-1’, ‘ರ್‍ಯೂಟೆರಿ ಆರ್‌ಸಿ-14’ ಅಂತ ಇರಬೇಕು. ‘ಬ್ಲೆಂಡ್’ ಅಂದಾಗ ಯಾವುದರ ಪಾಲೆಷ್ಟು ಗೊತ್ತಾಗುವುದಿಲ್ಲ. ಆ 2 ಬಿಲಿಯನ್ ತಯಾರಾದ ದಿನದ ಲೆಕ್ಕವೋ, ಎಕ್ಸ್‌ಪೈರಿ ತನಕದ್ದೋ ನೋಡಿ. ಕಲಬುರಗಿಯ ಮೇ ತಿಂಗಳಲ್ಲಿ ಕೊರಿಯರ್ ವ್ಯಾನಿನಲ್ಲಿ ಕಾದ ಡಬ್ಬಿಯಲ್ಲಿ ಎಷ್ಟು ಜೀವಂತ ಉಳಿದಾವು! ಉರಿಮೂತ್ರ ತಡೆಯಲು ಪ್ರೊಬಯಾಟಿಕ್‌ಗೆ ಪುರಾವೆ ಹೇಗೂ ದುರ್ಬಲ. ಕೊಸರು ಅಂದುಕೊಳ್ಳಿ, ಅದಕ್ಕಾಗಿ ಹೆಚ್ಚು ದುಡ್ಡು ಬೇಡ.

ಕ್ರ್ಯಾನ್‌ಬೆರಿಗೆ ಮಾತ್ರ ತಕ್ಕಮಟ್ಟಿನ ಆಧಾರವಿದೆ: 2023ರ ಕೊಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಪ್ರಕಾರ ಪದೇಪದೇ ಸೋಂಕಾಗುವ ಹೆಂಗಸರಿಗೆ, ಮಕ್ಕಳಿಗೆ ಉಪಯೋಗ, ಗರ್ಭಿಣಿಯರಲ್ಲಿ ಪ್ರಯೋಜನ ಕಂಡಿಲ್ಲ. ಅದೂ ಬಾರದಂತೆ ತಡೆಯಲು, ಬಂದದ್ದನ್ನು ವಾಸಿಮಾಡಲು ಅಲ್ಲ. ಈಗಲೇ ಉರಿಯಿದ್ದರೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡುವ ಪರೀಕ್ಷೆ) ಮಾಡಿಸಿ. ಜ್ವರ, ಪಕ್ಕೆನೋವು ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ತೆಗೆದುಕೊಳ್ಳುವವರು, ಕಿಡ್ನಿ ಕಲ್ಲಿನವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಡಾಕ್ಟರನ್ನು ಕೇಳದೆ ಶುರುಮಾಡಬೇಡಿ.