ಐದನೇ ಕ್ಲಾಸಿನ ಮಕ್ಕಳಿಗೆ ಬಯಲಲ್ಲಿ ಕಥೆ ಹೇಳಿ ಪರಿಸರ, ಇತಿಹಾಸ ಕಲಿಸೋದು ಹೇಗೆ?

‘ದೇವನಹಳ್ಳಿ ಕಡೆ ಶಾಲೆ, ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗೋ ಆಸೆ ಇದೆ, ಆದರೆ ದನಿ ಏರಿಸಿ ಇಳಿಸಿ ಕಥೆ ಹೇಳೋ ಕಲೆ ನನಗಿಲ್ಲ’ ಅಂತ ಬರೆದಿದ್ದೀರಿ. ಆ ಸಾಲು ಓದಿ ಅಲ್ಲೇ ನಿಂತುಬಿಟ್ಟೆ. ನನಗೆ ಆ ಕಲೆ ಇತ್ತು. ಕೆಟ್ಟಿದ್ದೂ ಅದರಿಂದಲೇ.

ಹನ್ನೊಂದು ವರ್ಷದ ಹಿಂದಿನ ಮಾತು. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಶನಿವಾರ ಬೆಳಗಿನ ಶಾಲೆ. ಎರಡು ಪೀರಿಯಡ್ ಮುಗಿಸಿ ಮಕ್ಕಳನ್ನ ಕೆರೆ ಏರಿ ಮೇಲೆ ಕರ್ಕೊಂಡು ಹೋಗ್ತಿದ್ದೆ. ತೂಬು ತೋರಿಸೋದು, ಈಚಲ ಮರದಲ್ಲಿ ಗೀಜಗನ ಗೂಡು ಎಣಿಸೋದು, ಹೀಗೆ ಚೆನ್ನಾಗೇ ನಡೀತಿತ್ತು. ಏರಿ ಮುಗಿದು ಕೋಡಿ ಶುರುವಾಗೋ ಕಡೆ ಹೊಂಗೆ ಮರದ ಕೆಳಗೆ ಒಂದು ವೀರಗಲ್ಲು. ಬುಡ ಮಣ್ಣಲ್ಲಿ ಹೂತಿತ್ತು. ಯಾರೋ ಎಣ್ಣೆ, ಅರಿಶಿನ ಹಚ್ಚಿ ಹಚ್ಚಿ ಮೈಯೆಲ್ಲ ಕಪ್ಪಾಗಿತ್ತು.

ವೀರಗಲ್ಲು ಸಾಮಾನ್ಯವಾಗಿ ಮೂರು ಅಂಕಣದ್ದು. ಕೆಳಗೆ ಆತ ಸತ್ತ ಹೋರಾಟ, ನಡುವೆ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು, ತುದಿಯಲ್ಲಿ ಸೂರ್ಯ, ಚಂದ್ರ. ಇಷ್ಟು ನನಗೆ ಗೊತ್ತಿತ್ತು. ಈ ಕಲ್ಲಿನ ಕೆಳಗಿನ ಅಂಕಣದಲ್ಲಿ ಒಬ್ಬ ಮನುಷ್ಯ, ಎದುರಿಗೆ ಮುಂಗಾಲೆತ್ತಿ ನಿಂತ ಒಂದು ಪ್ರಾಣಿ. ಕುದುರೆ ಅಂದ್ಕೊಂಡೆ. ಆಗಷ್ಟೇ ಆತಕೂರು ಶಾಸನದ ಬಗ್ಗೆ ಓದಿದ್ದೆ. 949ರ ತಕ್ಕೋಲಂ ಯುದ್ಧ, ರಾಷ್ಟ್ರಕೂಟರ ಮೂರನೇ ಕೃಷ್ಣನ ಪರ ನಮ್ಮ ಗಂಗರ ಬೂತುಗ ಚೋಳರ ಮೇಲೆ ಹೋಗಿದ್ದು, ಎಲ್ಲಾ ತಲೆ ತುಂಬ ಇತ್ತು. ಆತಕೂರು ನಮ್ಮದೇ ಜಿಲ್ಲೆ. ಆ ಯುದ್ಧವನ್ನೇ ಎತ್ತಿ ತಂದು ಈ ಕಲ್ಲಿನ ಮೇಲೆ ಕೂರಿಸಿದೆ. ವೀರನಿಗೆ ಕೆಂಚರಾಯ ಅಂತ ಹೆಸರಿಟ್ಟೆ, ತಾಯಿ ಅತ್ತಳು ಅಂದೆ, ಚೋಳರ ಕುದುರೆ ಅವನನ್ನ ತುಳೀತು ಅಂದೆ. ಮೂವತ್ತು ಮಕ್ಕಳು ಉಸಿರು ಬಿಗಿ ಹಿಡಿದು ಕೇಳಿದರು. ಇಬ್ಬರು ಹೆಣ್ಣುಮಕ್ಕಳ ಕಣ್ಣಲ್ಲಿ ನೀರು. ಪಾಠ ಅಂದರೆ ಇದು ಅಂತ ನನಗೆ ಅನ್ನಿಸಿತು.

ಸೋಮವಾರ ಬೆಳಗ್ಗೆ ಒಬ್ಬ ಅಜ್ಜಿ ಶಾಲೆ ಜಗಲಿ ಮೇಲೆ ಕೂತಿದ್ದರು.

‘ಮೇಷ್ಟ್ರೇ, ಆ ಕಲ್ಲಿನ ಕಥೆ ನಿಮ್ಗೆ ಯಾರು ಹೇಳಿದ್ದು? ಅದು ನಮ್ಮ ಹಟ್ಟಿ ಹುಲಿವೀರಪ್ಪ. ದನ ಮೇಯ್ಸಕ್ಕೆ ಹೋಗಿ ಹುಲಿ ಬಾಯಿಗೆ ಬಿದ್ದೋನು. ಹಟ್ಟೀಲಿ ಕರು ಹಾಕಿದ್ರೆ ಮೊದ್ಲು ಹಾಲು ಅವ್ನಿಗೇ ಎರೆಯೋದು. ನನ್ ಮೊಮ್ಮಗ ಮನೇಗ್ ಬಂದು, ನೀ ಹೇಳಿದ್ದೆಲ್ಲಾ ಸುಳ್ಳಂತೆ ಕಣಜ್ಜಿ ಅಂತ ಅಳ್ತಾವ್ನೆ.’

ಬೈಯಲಿಲ್ಲ. ಕೇಳಿದರು ಅಷ್ಟೇ.

ಆ ಮೊಮ್ಮಗ ನನ್ನ ಐದನೇ ಕ್ಲಾಸಿನವನು. ಶನಿವಾರ ನಾನು ಕಥೆ ಹೇಳುವಾಗ ಹಿಂದೆ ಹೊಂಗೆ ಮರಕ್ಕೆ ಒರಗಿ ನಿಂತಿದ್ದ. ಅವನಿಗೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿದ್ದಿದ್ದು. ಮೇಷ್ಟ್ರು ಹೇಳ್ತಿದ್ದಾರೆ ಅಂತ ಸುಮ್ಮನಿದ್ದ, ಮನೆಗೆ ಹೋಗಿ ಅಜ್ಜಿಯನ್ನೇ ಸುಳ್ಳಿ ಅಂದ.

ಮುಂದಿನ ಶನಿವಾರ ಅಜ್ಜಿಯ ಒಪ್ಪಿಗೆ ತಗೊಂಡು ಕಲ್ಲಿನ ಮೇಲೆ ಎರಡು ಕೊಡ ನೀರು ಹಾಕಿದೆವು. ಬರೀ ನೀರು. ಇಳಿಬಿಸಿಲು ಅಡ್ಡ ಬೀಳುವ ಹೊತ್ತಿಗೆ ಸಂಜೆ ಮತ್ತೆ ಹೋಗಿ ನೋಡಿದರೆ ಎಲ್ಲಾ ಬಿಡಿಸಿ ಕಂಡಿತು. ಬಾಲ ಕುದುರೆಯದರ ಹಾಗೆ ಇಳಿಬಿದ್ದಿಲ್ಲ, ಬೆನ್ನ ಮೇಲೆ ಕೊಕ್ಕೆಯ ಹಾಗೆ ಮಡಚಿಕೊಂಡಿದೆ. ಮುಂಗಾಲಿನ ತುದಿಯಲ್ಲಿ ಗೊರಸಿಲ್ಲ, ಮೂರು ಗೀರು. ಒಬ್ಬ ಹುಡುಗಿ ಆ ಗೀರಿನೊಳಗೆ ಕಿರುಬೆರಳಿಟ್ಟು, ‘ಉಗುರು ಸಾ’ ಅಂದಳು. ನಾನು ಅದೇ ಕಲ್ಲಿನ ಮುಂದೆ ಅರ್ಧ ಗಂಟೆ ನಿಂತು ಕಥೆ ಹೇಳಿದ್ದೆ, ಕಲ್ಲನ್ನ ಒಂದು ನಿಮಿಷ ನೋಡಿರಲಿಲ್ಲ.

ನೀವು ಕೇಳಿರೋದು ಪರಿಸರ ಮತ್ತು ಇತಿಹಾಸ ಎರಡನ್ನೂ ಸೇರಿಸಿ ಹೇಗೆ ಕಲಿಸೋದು ಅಂತ. ಅವೆರಡೂ ಆ ಕಲ್ಲಿನಲ್ಲಿ ಸೇರಿಕೊಂಡೇ ಇದ್ದವು. ಹುಲಿ ಇತ್ತು ಅಂದರೆ ಕಾಡಿತ್ತು. ಜಿಂಕೆ, ಹಂದಿ ಇದ್ದವು. ಕಾಡಂಚಿನಲ್ಲಿ ದನದ ಹಟ್ಟಿ ಇತ್ತು, ದನಕ್ಕೋಸ್ಕರ ಜೀವ ಕೊಟ್ಟವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ಈಗ ಸುತ್ತ ಬರೀ ಕಬ್ಬು, ಭತ್ತ. ‘ಇಲ್ಲಿ ಹುಲಿ ಇತ್ತಾ ಸಾ? ಎಲ್ಲಿಗೆ ಹೋಯ್ತು?’ ಅನ್ನೋ ಪ್ರಶ್ನೆ ಮೊದಲ ಶನಿವಾರವೇ ಬರಬೇಕಿತ್ತು. ನಾನು ರಾಜ, ಕುದುರೆ, ಯುದ್ಧ ತಂದು ಹುಲಿಯನ್ನ ಓಡಿಸಿದೆ, ಕಾಡನ್ನೂ ಅಳಿಸಿದೆ. ದನ ಕಾಯುವವನ ಸಾವು ನನಗೆ ಸಾಲದಾಗಿತ್ತು, ತಕ್ಕೋಲಂ ಬೇಕಿತ್ತು. ಇದನ್ನ ಎಷ್ಟು ಸಲ ಯೋಚಿಸಿದರೂ ಅದೇ ಕಡೆ ಚುಚ್ಚುತ್ತೆ.

ಬೇಕಿದ್ದರೆ ಆತಕೂರಿನ ನಿಜವಾದ ಕಥೆಯನ್ನೇ ಹೇಳಬಹುದಿತ್ತು. ಆ ಯುದ್ಧದಲ್ಲಿ ಮೆರೆದ ಬೂತುಗನ ಕಡೆಯ ವೀರ ಮಣಲರ ಬಹುಮಾನವಾಗಿ ಬೇಡಿದ್ದು ಒಂದು ನಾಯಿಯನ್ನ. ಕಾಳಿ ಅಂತ ಅದರ ಹೆಸರು. ದೊಡ್ಡ ಕಾಡುಹಂದಿ ಜೊತೆ ಕಾದಾಡಿ ನಾಯಿ, ಹಂದಿ ಎರಡೂ ಸತ್ತವು, ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಿಮ್ಮ ಮಕ್ಕಳನ್ನ ಒಂದು ದಿನ ಕರ್ಕೊಂಡು ಹೋಗಿ.

ಎಲ್ಲಾ ಮಕ್ಕಳ ಎದುರಿಗೆ, ಕೆಂಚರಾಯ ನಾನು ಕಟ್ಟಿದ ಹೆಸರು, ಅಜ್ಜಿ ಹೇಳಿದ್ದೇ ಈ ಕಲ್ಲಿನ ಕಥೆ ಅಂತ ಹೇಳಿದೆ. ಆ ಹುಡುಗನನ್ನ ಮುಂದೆ ಕರೆದು ಹೇಳಪ್ಪಾ ಅಂದೆ. ತಲೆ ಆಡಿಸಿದ, ಬಾಯಿ ಬಿಡಲಿಲ್ಲ. ಆ ವರ್ಷ ಪೂರ್ತಿ ಬಿಡಲಿಲ್ಲ. ಮೂರು ವರ್ಷದ ಹಿಂದೆ ಊರ ಹಬ್ಬಕ್ಕೆ ಹೋಗಿದ್ದೆ. ಅಜ್ಜಿ ತೀರಿಕೊಂಡಿದ್ದರು. ಕೋಡಿ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿದ್ದರು, ‘ವೀರ ಕೆಂಚರಾಯ ಸ್ವಾಮಿ’ ಅಂತ. ಕಟ್ಟಿದವರು ನನ್ನ ಹಳೇ ವಿದ್ಯಾರ್ಥಿಗಳು. ತಪ್ಪು ಅಂದಿದ್ದಕ್ಕೆ, ‘ನೀವೇ ಹೇಳಿದ್ದಲ್ವಾ ಸಾ’ ಅಂದರು. ಚೆನ್ನಾಗಿ ಹೇಳಿದ ಸುಳ್ಳು ಅವರಿಗೆ ನೆನಪಿತ್ತು, ತಿದ್ದಿ ಹೇಳಿದ್ದು ನೆನಪಿರಲಿಲ್ಲ.

ಅದಕ್ಕೇ ನಿಮಗೆ ಹೇಳ್ತಿರೋದು, ಕಥೆ ಹೇಳೋ ಕಲೆ ಇಲ್ಲ ಅಂತ ಕೊರಗಬೇಡಿ. ತರಬೇತಿ, ಬೊಂಬೆ, ಮೈಕು ಯಾವುದೂ ಬೇಡ. ಹೋಗುವ ಹಿಂದಿನ ದಿನ ‘ಆ ಜಾಗದ ಬಗ್ಗೆ ಮನೇಲಿ ಹಿರಿಯರನ್ನ ಕೇಳ್ಕೊಂಡು ಬನ್ನಿ’ ಅಂತ ಹೇಳಿ ಕಳಿಸಿ. ಹೋದ ಮೇಲೆ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಲಿ. ಆಮೇಲೆ ಮಕ್ಕಳು ಹೇಳಲಿ. ನೀವು ಕೊನೆಗೆ, ಅದೂ ಗೊತ್ತಿರುವಷ್ಟೇ. ‘ಹೀಗಂತಾರೆ’ ಅನ್ನೋದನ್ನ ಹಾಗೇ ‘ಹೀಗಂತಾರೆ’ ಅಂತಲೇ ಹೇಳಿ. ಕಲ್ಲಿನಲ್ಲಿ ಅಕ್ಷರ ಇದ್ದರೆ, ನಮ್ಮ ನಾಡಿನ ಶಾಸನಗಳನ್ನ ಸೇರಿಸಿ ಅಚ್ಚು ಹಾಕಿರೋ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನ ತೆಗೆದು ನೋಡಿ. ತಾಲ್ಲೂಕುವಾರು ಜೋಡಿಸಿದ್ದಾರೆ, ಊರಿನ ಹೆಸರು ಹಿಡಿದು ಹುಡುಕಬಹುದು. ಓದೋಕೆ ಅಂತ ಕಲ್ಲಿಗೆ ಸೀಮೆಸುಣ್ಣ ಮಾತ್ರ ಉಜ್ಜಬೇಡಿ.

ನಿಮಗಂತೂ ನಲ್ಲೂರು ಹುಣಸೆ ತೋಪು ಪಕ್ಕದಲ್ಲೇ ಇದೆ. ಐವತ್ನಾಲ್ಕು ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾಗಿದ್ದು. ಇಡೀ ತೋಪು ಸುತ್ತಿಸಬೇಡಿ. ಒಂದೇ ಒಂದು ಮುದಿ ಮರ ಆರಿಸ್ಕೊಳ್ಳಿ, ನಡು ಟೊಳ್ಳಾಗಿ ಪಕ್ಕದಿಂದ ಮತ್ತೆ ಚಿಗುರಿದ್ದು ಸಿಕ್ಕರೆ ಒಳ್ಳೇದು. ಕೂರಿಸೋ ಮುಂಚೆ ಮೇಲೆ ಹೆಜ್ಜೇನು ಕಟ್ಟಿದೆಯಾ ನೋಡಿ. ಹುಣಸೆ ಮರದ ದೆವ್ವದ ಕಥೆ ಯಾವುದಾದರೂ ಮಗು ಹೇಳೇ ಹೇಳುತ್ತೆ, ತಡೀಬೇಡಿ. ಅದರ ಎಲೆ ರಾತ್ರಿ ಮಡಚಿಕೊಳ್ಳುತ್ತೆ ಅನ್ನೋದನ್ನ ಮನೆ ಹತ್ತಿರದ ಮರದಲ್ಲಿ ಅವರೇ ನೋಡ್ಕೊಂಡು ಬರಲಿ. ನಮ್ಮ ಸಾರಿನ ಹುಣಸೆ ಮೂಲದಲ್ಲಿ ಆಫ್ರಿಕಾದ್ದು, ಅರಬರು ಅದನ್ನ ‘ಹಿಂದ್ ದೇಶದ ಖರ್ಜೂರ’ ಅಂತ ಕರೆದರು ಅನ್ನೋದು ನೀವು ಹೇಳುವ ಪಾಲು. ಅದಕ್ಕೆ ದನಿ ಏರಿಸೋದೇನೂ ಬೇಕಿಲ್ಲ.

ನಲ್ಲೂರಿನಿಂದಲೇ ಬರುವ ಮಗು ಯಾವುದಾದರೂ ಇದ್ದರೆ ಅವತ್ತು ಅದನ್ನ ನಿಮ್ಮ ಪಕ್ಕದಲ್ಲೇ ಕೂರಿಸ್ಕೊಳ್ಳಿ. ಹೋಗಿ ಬಂದ ಮೇಲೆ ಮಕ್ಕಳು ಏನೇನು ಹೇಳಿದರು ಅಂತ ಇಲ್ಲೇ ಬರೀರಿ, ಓದ್ತೀನಿ.