ಪೇಂಟ್‌ಬಾಲ್ ಆಟಕ್ಕೆ ಎಂಥ ಬೂಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಣ್ಣ ತುಂಬಿದ ಗುಂಡುಗಳನ್ನು ಗಾಳಿ ಬಂದೂಕಿನಿಂದ ಹಾರಿಸಿ ಎದುರಾಳಿಗೆ ತಾಗಿಸುವ ಪೇಂಟ್‌ಬಾಲ್ ಆಟವನ್ನು ನಮ್ಮ ಗುಂಪು ಒಮ್ಮೆ ಕಾಡಿನಲ್ಲಿ ಆಡುತ್ತದೆ, ಇನ್ನೊಮ್ಮೆ ಮರೆಗೆಂದು ಗಾಳಿ ತುಂಬಿ ನಿಲ್ಲಿಸಿದ ಬಂಕರ್‌ಗಳ ಹುಲ್ಲುಮೈದಾನದಲ್ಲಿ. ಒಂದೇ ಜೋಡಿ ಬೂಟು ಎರಡಕ್ಕೂ ಆಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ಎರಡೂ ಕಡೆ ಅರೆಬರೆ. ಕಾಡಿನಲ್ಲಿ ಕಾಲು ಎಲ್ಲಿ ಬೀಳುತ್ತದೆಂದು ಕಾಣುವುದಿಲ್ಲ. ತರಗೆಲೆಯ ಅಡಿಯಲ್ಲಿ ಬೇರು, ಕಲ್ಲು, ಗುಂಡಿ. ಮುಖವಾಡ ಹಾಕಿದ ಮೇಲೆ ಪಾದದ ಬಳಿಯ ನೆಲ ಇನ್ನೂ ಮರೆಯಾಗುತ್ತದೆ. ಅಲ್ಲಿಗೆ ಕಣಕಾಲಿನ ಗಂಟು ಮುಚ್ಚುವಷ್ಟು ಎತ್ತರದ ಚಾರಣದ ಬೂಟು ಸರಿ. ಕೊಳ್ಳುವಾಗ ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ಕಲ್ಲಿನ ಮೇಲೆ ಪಾದವೂ ಹಾಗೆಯೇ ತಿರುಚುತ್ತದೆ. ಮಡಿಸಿದಾಗ ಅದು ಬೆರಳುಗಳ ಬುಡದಲ್ಲಿ ಬಾಗಬೇಕು. ಅಂಗಾಲಿನ ನಡುವೆ ಬಾಗುವ ಬೂಟನ್ನು ಅಂಗಡಿಯಲ್ಲೇ ಬಿಡಿ.

ಬಂಕರ್ ಮೈದಾನದಲ್ಲಿ ನೆಲ ಸಮತಟ್ಟು. ಮೊದಲ ಕೆಲವು ಸೆಕೆಂಡುಗಳ ಓಟ, ಥಟ್ಟನೆ ನಿಲ್ಲುವುದು, ಬಂಕರ್ ಹಿಂದಕ್ಕೆ ಜಾರಿ ಸೇರುವುದು, ಇಷ್ಟರಲ್ಲೇ ಅರ್ಧ ಆಟ. ಅದಕ್ಕೆ ಅಟ್ಟೆಯ ಜೊತೆಗೇ ಅಚ್ಚು ಹಾಕಿದ ರಬ್ಬರ್ ಸ್ಟಡ್‌ಗಳಿರುವ (ನೆಲ ಕಚ್ಚುವ ಗುಬುಟುಗಳು) ಫುಟ್‌ಬಾಲ್ ಬೂಟು ಒಳ್ಳೆಯದು. ಲೋಹದ ಸ್ಟಡ್ ಬೇಡವೇ ಬೇಡ. ಅದು ಬಂಕರ್ ಹರಿಯುತ್ತದೆ, ಪಕ್ಕದವರ ಕಾಲನ್ನೂ ಸೀಳುತ್ತದೆ. ಬಹುತೇಕ ಮೈದಾನಗಳು ಒಳಗೆ ಬಿಡುವುದೂ ಇಲ್ಲ. ಒಂದೇ ಜೋಡಿ ಎಂದು ಹಟವಿದ್ದರೆ ಕಾಡುಹಾದಿಯಲ್ಲಿ ಓಡುವವರ ಟ್ರೈಲ್ ಶೂ ತೆಗೆದುಕೊಳ್ಳಿ, ಅಟ್ಟೆಯ ಉಬ್ಬುಗಳ ಎತ್ತರ 4ರಿಂದ 5 ಮಿಲಿಮೀಟರ್ ಇರಲಿ.

ಪ್ರಶ್ನೆ: ಉದ್ದ ಸ್ಟಡ್‌ನ ಬೂಟು ಕೊಂಡೆ. ಜಾರುವುದು ನಿಂತಿತು, ಆದರೆ ಈಗ ಮಂಡಿ ನೋಯುತ್ತಿದೆ. ಸಂಬಂಧವಿದೆಯೇ?

ಉತ್ತರ: ಇರುವ ಸಾಧ್ಯತೆ ಹೆಚ್ಚು. ಹಿಡಿತ ಹೆಚ್ಚಿದಷ್ಟೂ ಒಳ್ಳೆಯದೆಂದು ತುಂಬಾ ಜನ ನಂಬಿದ್ದಾರೆ, ಅದು ಅಪಾಯದ ನಂಬಿಕೆ. ಓಡುತ್ತಾ ಪಕ್ಕಕ್ಕೆ ತಿರುಗುವಾಗ ಪಾದ ನೆಲದ ಮೇಲೆ ಒಂದಿಷ್ಟು ಜಾರಿ ತಿರುಗಬೇಕು. ಸ್ಟಡ್ ನೆಲಕ್ಕೆ ಕಚ್ಚಿಕೊಂಡರೆ ಪಾದ ಅಲ್ಲೇ ಉಳಿಯುತ್ತದೆ, ಮೈ ತಿರುಗುತ್ತದೆ, ಆ ತಿರುಚು ಪೂರ್ತಿ ಮಂಡಿಯ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಕೃತಕ ಹುಲ್ಲಿನ ಮೇಲೆ ಉದ್ದ ಸ್ಟಡ್ ಹಾಕಿದರೆ ಆಗುವುದೇ ಇದು. ಅಲ್ಲಿಗೆ ಚಿಕ್ಕ ಚಿಕ್ಕ ರಬ್ಬರ್ ಗುಬುಟುಗಳು ಒತ್ತಾಗಿರುವ ಟರ್ಫ್ ಶೂ ಬೇಕು. ಒಣಗಿದ ಗಟ್ಟಿ ನೆಲದಲ್ಲಿ ಉದ್ದ ಸ್ಟಡ್ ಒಳಗೆ ಇಳಿಯುವುದೇ ಇಲ್ಲ. ಭಾರವೆಲ್ಲ ಹತ್ತು ಹನ್ನೆರಡು ಬಿಂದುಗಳ ಮೇಲೆ ನಿಂತು ಅಂಗಾಲು ನೋಯುತ್ತದೆ. ಮೆತ್ತನೆಯ ಕೆಸರಿಗೆ ಮಾತ್ರ 6ರಿಂದ 8 ಮಿಲಿಮೀಟರ್ ಎತ್ತರದ, ಅಗಲ ಅಂತರದ ಉಬ್ಬು ಸರಿ. ಒತ್ತಾಗಿದ್ದರೆ ಕೆಸರು ನಡುವೆ ಮೆತ್ತಿಕೊಂಡು ಅಟ್ಟೆ ನುಣುಪಾಗುತ್ತದೆ.

ನೋವು ಇಳಿಯುವ ತನಕ ಆಟ ನಿಲ್ಲಿಸಿ. ಮಂಡಿ ಊದಿದ್ದರೆ ಅಥವಾ ಹೆಜ್ಜೆಯಿಟ್ಟಾಗ ಕುಸಿದಂತಾದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒಡೆದ ಪೇಂಟ್ ಗುಂಡುಗಳು ಅಟ್ಟೆಗೆ ಅಂಟಿಕೊಂಡು ಜಾರುತ್ತವೆ. ತೊಳೆದರೂ ಲೋಳೆ ಹೋಗುವುದಿಲ್ಲ.

ಉತ್ತರ: ಗುಂಡಿನ ಒಳಗಿನ ಬಣ್ಣದಲ್ಲಿ ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಅದರ ತೊಂದರೆಯಿಲ್ಲ. ಲೋಳೆಯಾಗುವುದು ಹೊರ ಚಿಪ್ಪು, ಅದು ಜೆಲಟಿನ್. ತಣ್ಣೀರಿನಲ್ಲಿ ಜೆಲಟಿನ್ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಕರಗಲು ಬಿಸುಪು ಬೇಕು. ಮೊದಲು ಕಡ್ಡಿಯಿಂದ ಉಬ್ಬುಗಳ ನಡುವಿನ ಮಣ್ಣು, ಚಿಪ್ಪು ಕೆರೆದು ತೆಗೆಯಿರಿ. ಆಮೇಲೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ನೀರಿನಲ್ಲಿ ಅಟ್ಟೆಯನ್ನಷ್ಟೇ ಐದು ನಿಮಿಷ ನೆನೆಸಿ ಬ್ರಷ್‌ನಿಂದ ಉಜ್ಜಿ. ಕುದಿಯುವ ನೀರು ಬೇಡ, ಅಟ್ಟೆ ಹಿಡಿದಿರುವ ಅಂಟು ಸಡಿಲಾಗುತ್ತದೆ. ಒಳ ಅಟ್ಟೆ ಹೊರತೆಗೆದು, ಹಳೆಯ ಪತ್ರಿಕೆ ತುಂಬಿ ನೆರಳಿನಲ್ಲಿ ಒಣಗಿಸಿ. ಆಟದ ನಡುವೆಯೂ ಪ್ರತಿ ಸುತ್ತಿನ ಕೊನೆಗೆ ಅಟ್ಟೆಯನ್ನು ಒಣ ಹುಲ್ಲಿಗೆ ಒಮ್ಮೆ ಒರೆಸಿ.

ಪ್ರಶ್ನೆ: ನೀರು ಇಳಿಯದ ಬೂಟು ಮೇಲೇ? ಉಕ್ಕಿನ ಮೂತಿಯ ಬೂಟು ಹೇಗೆ?

ಉತ್ತರ: ಚಳಿಯಲ್ಲಿ, ಇಬ್ಬನಿ ಹುಲ್ಲಿನಲ್ಲಿ ಮೊದಲನೆಯದು ಹಿತ. ಆದರೆ ಹೊಂಡಕ್ಕೆ ಕಾಲಿಟ್ಟು ಮೇಲಿನಿಂದ ನೀರು ನುಗ್ಗಿತೋ, ನೀರು ತಡೆಯುವ ಅದೇ ಒಳಪೊರೆ ನೀರನ್ನು ಹೊರಗೂ ಬಿಡುವುದಿಲ್ಲ. ಸೆಕೆಯಲ್ಲಂತೂ ಬೆವರೇ ಸಾಕು. ಜಾಲರಿ ಬಟ್ಟೆಯ ಬೂಟು, ಉಣ್ಣೆಯ ಅಥವಾ ಸಿಂಥೆಟಿಕ್ ಕಾಲುಚೀಲ ಬಳಸಿ. ಹತ್ತಿಯದು ನೆನೆದು ಬೊಬ್ಬೆ ಎಬ್ಬಿಸುತ್ತದೆ. ಉಕ್ಕಿನ ಮೂತಿ ಅನಗತ್ಯ ಭಾರ. ಮಂಡಿಯೂರಿದಾಗ ಅದರ ಹಿಂದಂಚು ಬೆರಳನ್ನು ಒತ್ತುತ್ತದೆ.

ಪ್ರಶ್ನೆ: ಓಡಿ ನಿಂತಾಗಲೆಲ್ಲ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ದೊಡ್ಡ ಅಳತೆ ಕೊಳ್ಳಲೇ?

ಉತ್ತರ: ಮೊದಲು ಲೇಸು ಕಟ್ಟುವ ರೀತಿ ಬದಲಿಸಿ. ಬೆರಳ ತುದಿಯಿಂದ ಬೂಟಿನ ಮೂತಿಗೆ ಹೆಬ್ಬೆರಳಿನ ಅಗಲದಷ್ಟು ಜಾಗವಿದ್ದರೆ ಅಳತೆ ಸರಿಯಾಗಿದೆ. ಅಳೆಯುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ. ಕೊನೆಯ ಎರಡು ರಂಧ್ರಗಳಲ್ಲಿ ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯಲ್ಲಿ ಮೇಲಕ್ಕೆ ತೂರಿಸಿ ಪುಟ್ಟ ಕುಣಿಕೆ ಮಾಡಿ. ಎಡ ಲೇಸನ್ನು ಬಲ ಕುಣಿಕೆಯಲ್ಲೂ ಬಲ ಲೇಸನ್ನು ಎಡ ಕುಣಿಕೆಯಲ್ಲೂ ಹಾಯಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂತು ಎಳೆದು ಕಟ್ಟಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ. ಗಂಟಿನ ಬಾಲ ಲೇಸಿನ ಸಾಲಿನೊಳಗೆ ಸಿಕ್ಕಿಸಿ, ಇಲ್ಲವಾದರೆ ಪೊದೆ ಬಿಚ್ಚುತ್ತದೆ.

ಪ್ರಶ್ನೆ: ಪಾದರಕ್ಷೆ ವಿನ್ಯಾಸ ಕಲಿಯುತ್ತಿದ್ದೇನೆ. ಬಂಕರ್ ಆಟಕ್ಕೆಂದೇ ಒಂದು ಬೂಟು ರೂಪಿಸಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಹಳೆಯ ಬೂಟುಗಳಿಂದ. ಆಡಿ ಸವೆಸಿದ ನಾಲ್ಕಾರು ಜೋಡಿ ಕೇಳಿ ತಂದು ಮೇಜಿನ ಮೇಲಿಟ್ಟು ನೋಡಿ. ಮೂತಿಯ ಮೇಲ್ಭಾಗ, ಹೆಬ್ಬೆರಳ ಪಕ್ಕದ ಹೊಲಿಗೆ, ಹೊರ ಅಂಚಿನ ಅಂಟು ಈ ಮೂರು ಕಡೆ ಮೊದಲು ಸೋತಿರುತ್ತವೆ. ಮಂಡಿಯೂರಿದ ಆಟಗಾರನ ಹಿಂಗಾಲು ಬೆರಳ ಮೇಲೆ ನಿಂತು ಮೂತಿಯನ್ನು ನೆಲಕ್ಕೆ ಉಜ್ಜುತ್ತದೆ. ಜಾರುವಾಗ ಅಂಚು ಉಜ್ಜುತ್ತದೆ. ಆದ್ದರಿಂದ ಅಡಿ ಅಟ್ಟೆಯ ರಬ್ಬರನ್ನೇ 1.5ರಿಂದ 2 ಮಿಲಿಮೀಟರ್ ದಪ್ಪದಲ್ಲಿ ಮೂತಿಯ ಮೇಲಕ್ಕೆ ಹತ್ತಿಸಿ, ಹೊಲಿಗೆಯನ್ನು ಆ ಜಾಗದಿಂದ ಹಿಂದಕ್ಕೆ ಸರಿಸಿ. ರಬ್ಬರ್ ಬೆರಳು ಬಾಗುವ ಗೆರೆಗೆ ಮುಂಚೆಯೇ ನಿಲ್ಲಲಿ, ಗೆರೆ ದಾಟಿದರೆ ಪ್ರತಿ ಮಡಿಕೆಗೂ ಅಂಟು ಏಳುತ್ತದೆ.

ಅಡಿ ಅಟ್ಟೆಗೆ ಶೋರ್ ಎ ಮಾಪಕದಲ್ಲಿ 60ರಿಂದ 70 ಗಡಸುತನದ ರಬ್ಬರ್ ಹಿಡಿದು ಹೊರಡಿ. ಇನ್ನೂ ಮೆತ್ತಗಾದರೆ ಬೇಗ ಸವೆಯುತ್ತದೆ, ಗಡಸಾದರೆ ಒದ್ದೆಯಲ್ಲಿ ಜಾರುತ್ತದೆ. ಮುಂಭಾಗದ ಸ್ಟಡ್‌ಗಳು ದುಂಡಗಿರಲಿ, ತಿರುಗುವಾಗ ಪಾದ ಬಿಡಿಸಿಕೊಳ್ಳುವುದು ಅದರಿಂದಲೇ. ಹಿಮ್ಮಡಿಯವು ಚಪ್ಪಟೆಯಾಗಿದ್ದರೆ ನಿಲ್ಲಲು ನೆರವು. ನಡು ಅಟ್ಟೆಗೆ ಇವಿಎ ಎಂಬ ಪ್ಲಾಸ್ಟಿಕ್ ಫೋಮ್ ಹಗುರ. ಪಾಲಿಯುರಿಥೇನ್ ಹೆಚ್ಚು ಬಾಳಿಕೆಯದೆಂದು ಕಂಡರೂ ಅದರಲ್ಲಿ ಕೆಲವು ಬಗೆಯವು ತೇವಾಂಶದಿಂದ ಒಳಗೊಳಗೇ ಒಡೆದು, ಬಳಸದೆ ಇಟ್ಟ ಬೂಟು ಒಂದು ದಿನ ಪುಡಿಯಾಗಿ ಉದುರುತ್ತದೆ. ನಾಲಿಗೆಯ ಎರಡೂ ಬದಿ ಮೇಲ್ಬಟ್ಟೆಗೆ ಹೊಲಿದು ಮುಚ್ಚಿ, ಮಣ್ಣು, ಕಸ ಒಳಗೆ ಬರುವುದು ನಿಲ್ಲುತ್ತದೆ. ಕಣಕಾಲಿನ ಗಂಟಿನ ಮೇಲೆ ತೆಳ್ಳನೆಯ ಫೋಮ್ ಪದರ ಕೊಡಿ. ಸೆಕೆಂಡಿಗೆ 85ರಿಂದ 90 ಮೀಟರ್ ವೇಗದಲ್ಲಿ ಬರುವ ಗುಂಡು ಬರಿ ಮೂಳೆಗೆ ತಾಗಿದರೆ ಚೆನ್ನಾಗಿಯೇ ನೋಯುತ್ತದೆ. ಲೋಹದ ಲೇಸು ಕೊಕ್ಕೆ ಹಾಕಬೇಡಿ, ಬಟ್ಟೆಯ ಕುಣಿಕೆ ಸಾಕು.

ಮಾದರಿ ಸಿದ್ಧವಾದಾಗ ಒಣ ಬೂಟನ್ನು ತೂಗಿ, ಐದು ನಿಮಿಷ ನೀರಿನಲ್ಲಿ ಮುಳುಗಿಸಿ, ಐದು ನಿಮಿಷ ಬಸಿದು ಮತ್ತೆ ತೂಗಿ. ಹೆಚ್ಚಿದ ಗ್ರಾಂ ಎಲ್ಲ ಆಟಗಾರ ಪ್ರತಿ ಹೆಜ್ಜೆಗೂ ಎತ್ತುವ ಭಾರ. ಹೆಚ್ಚಿನ ನೀರು ಹೀರುವುದು ಕುತ್ತಿಗೆಯ ಮೆತ್ತೆಯೋ ನಾಲಿಗೆಯ ಫೋಮೋ ಆಗಿರುತ್ತದೆ, ಅಲ್ಲಿ ನೀರು ಹೀರದ, ಮುಚ್ಚಿದ ಕಣಗಳ ಫೋಮ್ ಹಾಕಿ ನೋಡಿ. ಆ ಒದ್ದೆ ಬೂಟನ್ನೇ ಹಾಕಿಸಿ, ಜಲ್ಲಿ ನೆಲದಲ್ಲಿ ಇನ್ನೂರು ಸಲ ಮಂಡಿಯೂರಿಸಿ ಎಬ್ಬಿಸಿ. ಒಣಗಿದ್ದಾಗ ಗಟ್ಟಿಯಾಗಿ ಕಂಡ ಅಂಟು ಎಲ್ಲಿ ಬಾಯಿ ಬಿಡುತ್ತದೆಂದು ಆಗ ಕಾಣುತ್ತದೆ.