ಎಬಿಎಸ್ ಇಸಿಯು ಬದಲಿಸುವ ಮೊದಲು ವೈರು ನೋಡಿ

ಗುಬ್ಬಿ ರಸ್ತೆಯಲ್ಲಿ ಕಾರು ಹಂಪ್ ಹತ್ತಿ ಇಳಿದಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟು, ಸ್ಟೀರಿಂಗ್ ಲೈಟು ಎರಡೂ ಹತ್ತುತ್ತವೆ, ಸ್ಪೀಡೋಮೀಟರ್ ಸೊನ್ನೆಗೆ ಬೀಳುತ್ತದೆ, ಆಮೇಲೆ ತಾನಾಗೇ ಸರಿಹೋಗುತ್ತದೆ ಅಂದಿದ್ದೀರಿ. ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್ ಯು0121. ಗ್ಯಾರೇಜಿನವರು ಎಬಿಎಸ್ ಇಸಿಯು (ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್) ಹೋಗಿದೆ ಅಂತಾರೆ, ಹೊಸದು ಹಾಕಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ತುಮಕೂರಿನಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನಾಗಿ ಹೇಳ್ತೀನಿ, ಕುಲುಕಿದಾಗ ಬಂದು ಹೋಗುವ ತೊಂದರೆ ಹೆಚ್ಚಾಗಿ ವೈರಿಂಗಿನದು.

ಯು0121 ಅಂದರೆ ಎಬಿಎಸ್ ಕೆಟ್ಟಿದೆ ಅಂತಲ್ಲ. 'ಎಬಿಎಸ್‌ನಿಂದ ಸುದ್ದಿ ಬರ್ತಿಲ್ಲ' ಅಂತ ಬೇರೆ ಇಸಿಯುಗಳು ಕೊಟ್ಟ ದೂರು ಅದು. ಎಷ್ಟೋ ಕಾರುಗಳಲ್ಲಿ ವೇಗದ ಲೆಕ್ಕ ಎಬಿಎಸ್‌ನಿಂದಲೇ ಕ್ಯಾನ್ ವೈರಿನ (ಇಸಿಯುಗಳು ಒಂದಕ್ಕೊಂದು ಸುದ್ದಿ ಕಳಿಸುವ ಜೋಡಿ ವೈರು) ಮೂಲಕ ಸ್ಪೀಡೋಮೀಟರಿಗೆ, ಸ್ಟೀರಿಂಗಿಗೆ ಹೋಗುತ್ತದೆ. ಹಾಗಾಗಿ ನಿಮಗೆ ಕಾಣುವ ಮೂರು ತೊಂದರೆಗೂ ಮೂಲ ಒಂದೇ ಇರಬಹುದು. ಎಬಿಎಸ್ ಯಾಕೆ ಸುಮ್ಮನಾಯಿತು ಅನ್ನೋದನ್ನ ಹುಡುಕಬೇಕು.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಓಬಿಡಿ ಸಾಕೆಟ್‌ನ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6 ಮತ್ತು 14ನೇ ಪಿನ್ ನಡುವೆ ಮಲ್ಟಿಮೀಟರಿನಲ್ಲಿ ಓಮ್ ನೋಡಿಸಿ. ಕ್ಯಾನ್ ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇರುತ್ತದೆ, ಎರಡೂ ಪ್ಯಾರಲಲ್ ಆಗಿ ಸೇರಿರೋದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ. ಆದರೆ 60 ಬಂದ ತಕ್ಷಣ ವೈರಿಂಗ್ ಸರಿ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಎಬಿಎಸ್ ನಡುವಿನ ಕವಲಿನಲ್ಲಿದ್ದರೆ ಆ ಕವಲು ತುಂಡಾಗಿದ್ದರೂ ಮಲ್ಟಿಮೀಟರ್ 60 ಅಂತಲೇ ತೋರಿಸುತ್ತದೆ. ಗೇಟ್‌ವೇ (ಸಾಕೆಟ್ ಮತ್ತು ಒಳಗಿನ ಲೈನುಗಳ ನಡುವೆ ಸುದ್ದಿ ದಾಟಿಸುವ ಇಸಿಯು) ಇರುವ ಕಾರಾದರೆ ಸಾಕೆಟ್‌ನಲ್ಲಿ ಆ ಲೈನು ಸಿಗದೆಯೂ ಇರಬಹುದು. ಆಗ ವೈರಿಂಗ್ ಡಯಾಗ್ರಾಂ ಬೇಕೇ ಬೇಕು.

ನನ್ನ ಅನುಮಾನ ಜಾಸ್ತಿ ಇರೋದು ಎಬಿಎಸ್‌ನ ಕರೆಂಟು ಮತ್ತು ಅರ್ಥಿಂಗ್ ಮೇಲೆ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ಬಂತು ಅಂದರೆ ಸಾಲದು. ಒಂದೇ ಎಳೆಯಲ್ಲಿ ನೇತಾಡುವ ವೈರೂ ಅಷ್ಟೇ ತೋರಿಸುತ್ತದೆ. ಎಬಿಎಸ್ ಕನೆಕ್ಟರ್ ಬಿಚ್ಚಿ, ಬ್ಯಾಟರಿ ಮತ್ತೆ ಜೋಡಿಸಿ, ಸಪ್ಲೈ ಮತ್ತು ಅರ್ಥ್ ಪಿನ್ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಕೊಡಿ. ಸಣ್ಣ ಪಿನ್ನಿನ ಬಾಯಿ ಅಗಲವಾಗದಂತೆ ನಿಧಾನಕ್ಕೆ. ಈಗ ಹಾರ್ನೆಸ್ (ವೈರಿನ ಕಟ್ಟು) ಅಲ್ಲಾಡಿಸಿ. ಬಲ್ಬ್ ಮಂಕಾಯಿತಾ? ಕಳ್ಳ ಅಲ್ಲೇ ಇದ್ದಾನೆ. ಕ್ಯಾನ್ ವೈರಿಗೆ ಮಾತ್ರ ಈ ಬಲ್ಬ್ ತಾಗಿಸಬೇಡಿ, ಇಸಿಯು ಸುಟ್ಟೀತು.

ಕನೆಕ್ಟರ್ ಒಳಗೆ ಹಸಿರು ಕಿಲುಬು ಇದೆಯಾ, ಪಿನ್ ಹಿಂದಕ್ಕೆ ಸರಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ತಿಪಟೂರು ಕಡೆಯಿಂದ, ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸೋ ಗಾಡಿಗಳು ಬರುತ್ತವೆ. ಅವುಗಳಲ್ಲಿ ನಾನು ಮೊದಲು ಹುಡುಕೋದು ಇಲಿ ಹಲ್ಲಿನ ಗುರುತು! ಕ್ಯಾನ್ ವೈರು ತುಂಡಾಗಿದ್ದರೆ ಬೆಸುಗೆ ಹಾಕಿ, ಮತ್ತೆ ಮೊದಲಿನ ಹಾಗೇ ಎರಡನ್ನೂ ಹೆಣೆದು ಬಿಡಬೇಕು. ಹೊರಗಿನ ಕರೆಂಟಿನ ಗದ್ದಲ ಒಳಗೆ ಬರದಿರಲೆಂದೇ ಆ ಹೆಣಿಗೆ.

ಇಷ್ಟೆಲ್ಲ ಸರಿಯಿದ್ದೂ ಎಬಿಎಸ್ ಮಾತಾಡದಿದ್ದರೆ ಆಗ ಇಸಿಯು ಮಾತು. ಅದೂ ಸುಮ್ನೆ ಹಾಕಿ ಹೋಗುವ ಸಾಮಾನಲ್ಲ. ಎಷ್ಟೋ ಕಾರಿನಲ್ಲಿ ಪಂಪ್ ಸಮೇತ ಬರುತ್ತದೆ, ಬ್ರೇಕ್ ಗಾಳಿ ತೆಗೆಯಬೇಕು, ಗಾಡಿಗೆ ತಕ್ಕಂತೆ ಕೋಡಿಂಗ್ ಮಾಡಬೇಕು. ಅದಕ್ಕೂ ಸೇರಿಸಿ ರೇಟು ಕೇಳಿ.